ನನ್ನ ಹೆಂಡತಿ ಮತ್ತು ಎರಡು ಜೋಡಿ ಕಿವಿ

ಕಿವಿ ಕೇಳದವರ ಮನೆಯಲ್ಲಿ ನಗುವಂಥ ಪ್ರಸಂಗಕ್ಕೆ ಬರ ಇಲ್ಲ. ದಿನಾ ಒಂದಾದರೂ ಆಗುತ್ತದೆ. ನಮ್ಮ ಮನೆಯಲ್ಲಿ ಕೇಳದವರು ಇಬ್ಬರು, ನಾನು ಮತ್ತು ನನ್ನ ಮೊಮ್ಮಗಳು. ಹಾಗಾಗಿ ನಮಗೆ ಡಬಲ್.

ಇವನ್ನೆಲ್ಲ ನನ್ನ ಹೆಂಡತಿ ಹೇಳುತ್ತಿದ್ದಳು. ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು. ನಳದ ಸಾಲಿನಲ್ಲಿ ನಿಂತು ಹೇಳುತ್ತಿದ್ದಳು. ಕೇಳಿದವರು ಕೊಡ ಕೆಳಗಿಟ್ಟು ನಗುತ್ತಿದ್ದರು. ಹೋದ ವರ್ಷ ಅವಳು ಹೋದಳು. ಈಗ ಹೇಳುವವರು ಇಲ್ಲ. ನನಗೆ ಅವಳ ಹಾಗೆ ಬರುವುದಿಲ್ಲ. ನಾಲ್ಕನೇ ಇಯತ್ತೆ ಓದಿ, ಬಿಜಾಪುರ ಕಡೆಯಿಂದ ಮುಂಬೈಯ ಭಾಂಡುಪಿಗೆ ಬಂದವನು. ಕಬ್ಬಿಣದ ಪತ್ರಾ, ಅಂದರೆ ತಗಡು, ಒತ್ತುವ ಪ್ರೆಸ್ಸಿನ ಮುಂದೆ ನಿಂತು ವಯಸ್ಸು ಕಳೆದವನು. ಆದರೂ ಬರೆಯುತ್ತೇನೆ. ಎಲ್ಲಾದರೂ ತಪ್ಪಿದರೆ, ಅವಳಿದ್ದಿದ್ದರೆ ತಿದ್ದುತ್ತಿದ್ದಳು ಅಂತ ತಿಳಿದುಕೊಳ್ಳಿ.

ಒಳ್ಳೆಯ ನಿದ್ದೆಯ ಕೂಸು

ಮಗನಿಗೆ ಹೆಣ್ಣು ಕೂಸು ಹುಟ್ಟಿತು. ನಮ್ಮದು ಚಾಳಿನಲ್ಲಿ ಒಂದು ಖೋಲಿ, ಮೇಲೊಂದು ಅಟ್ಟ. ಹೆಂಡತಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಬಿಲ್ಡಿಂಗ್ ಕೆಲಸಕ್ಕೆ ಬಂದ ನಮ್ಮ ಕಡೆಯವರು ಒಯ್ಯುತ್ತಿದ್ದರು. ಅವಳು ರೊಟ್ಟಿ ಬಡಿದರೆ ಪಕ್ಕದ ಮನೆಯ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು. ಆ ಸದ್ದಿನ ಪಕ್ಕದಲ್ಲೇ ನೆಲಕ್ಕೆ ಕೌದಿ ಹಾಸಿ ಮಲಗಿಸಿದರೆ ಮೊಮ್ಮಗಳು ಸೊಗಸಾಗಿ ನಿದ್ದೆ ಮಾಡುತ್ತಿದ್ದಳು. ಬಡಿತ ನಿಂತರೆ ಎಚ್ಚರ.

ಚಾಳೆಲ್ಲ ಹೊಗಳಿತು. ಇಂಥ ಕೂಸು ಪುಣ್ಯಕ್ಕೆ ಸಿಗುತ್ತದೆ ಅಂದರು.

ಎದುರು ಖೋಲಿಯ ಮರಾಠಿ ಸೊಸೆಗೂ ಹಸುಗೂಸು ಇತ್ತು. ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ, ಬರೀ ಅಳು. ರೊಟ್ಟಿಯ ಸದ್ದೇ ಔಷಧಿ ಅಂತ ಅವಳು ತಿಳಿದಳು. ಒಂದು ಮಧ್ಯಾಹ್ನ ತನ್ನ ಕೂಸನ್ನು ತಂದು ನಮ್ಮ ಕೂಸಿನ ಪಕ್ಕ ಮಲಗಿಸಿ, ಮಾವ್ಶಿ, ಬಡೀರಿ ಅಂದಳು. ಹೆಂಡತಿ ಬಡಿದಳು. ಮೊದಲ ಏಟಿಗೇ ಆ ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತಿತು. ಆಮೇಲೆ ಅತ್ತ ಅಳು ಸ್ಟೇಷನ್ನಿನ ತನಕ ಹೋಗಿರಬೇಕು. ನಮ್ಮ ಕೂಸು ಪಕ್ಕದಲ್ಲಿ ಬೆರಳು ಚೀಪುತ್ತ ಮಲಗೇ ಇತ್ತು.

ಎದುರು ಖೋಲಿಯವಳು ನಾಚಿಕೊಂಡಳು. ನಿಮ್ಮದು ಎಷ್ಟು ಶಾಣ್ಯಾ, ನಮ್ಮದು ನೋಡಿ ಹೀಗೆ ಅಂದಳು.

ಹೆಂಡತಿ ಹಿಟ್ಟಿನ ಕೈ ಹಾಗೇ ಹಿಡಿದು ಎರಡೂ ಕೂಸುಗಳನ್ನು ಬಹಳ ಹೊತ್ತು ನೋಡಿದಳು. ಎದುರು ಖೋಲಿಯವಳು ಹೋದ ಮೇಲೆ ನನಗೆ ಹೇಳಿದಳಂತೆ: "ಅಳೂ ಕೂಸು ಛಲೋ ಐತ್ರಿ. ನಮ್ಮ ಕೂಸಿಂದೇ ಏನೋ ಬ್ಯಾರೆ ಐತಿ."

ನನಗೆ ಅದು ಕೇಳಿಸಿರಲಿಲ್ಲ. ಊಟಕ್ಕೆ ಕರೆದಳು ಅಂದುಕೊಂಡು ಕೈ ತೊಳೆದು ಬಂದು ಕೂತೆ.

ಆಮೇಲೆ ನಗುವವರು

ನನ್ನ ಕಿವಿಯನ್ನು ಪ್ರೆಸ್ ತಿಂದಿತ್ತು. ಅಲ್ಲಿ ಮಾತು ನಡೆಯುವುದಿಲ್ಲ. ಎಲ್ಲ ಕೈಸನ್ನೆ. ಚಹಾ ಬಂತು ಅನ್ನುವುದಕ್ಕೆ ಒಂದು ಸನ್ನೆ, ಸಾಹೇಬ ಬಂದ ಅನ್ನುವುದಕ್ಕೆ ಒಂದು. ಕಿವಿ ಹೋದದ್ದು ನನಗೇ ಗೊತ್ತಾಗಲಿಲ್ಲ. ಮೊದಲು ಗೊತ್ತಾದದ್ದು ಹೆಂಡತಿಗೆ.

ಅವಳು ಅದನ್ನು ಹಿಡಿದದ್ದು ನನ್ನ ನಗುವಿನಿಂದ. ನಾಲ್ಕು ಮಂದಿ ಕೂತಲ್ಲಿ ಯಾರೋ ಒಂದು ಮಾತು ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನು ಅವರ ಮುಖ ನೋಡಿ ಆಮೇಲೆ ನಗುತ್ತಿದ್ದೆ. ರೆಪ್ಪೆ ಬಡಿಯುವಷ್ಟು ತಡ. ಅಷ್ಟು ತಡ ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ಮದುವೆಯಲ್ಲಿ ಪರೀಕ್ಷೆ ಮಾಡಿದಳು. ನಾನು ಗಂಡಸರ ಪಂಕ್ತಿಯಲ್ಲಿ, ಅವಳು ಎದುರಿನ ಹೆಂಗಸರ ಪಂಕ್ತಿಯಲ್ಲಿ. ಪಕ್ಕದಲ್ಲಿದ್ದ ತನ್ನ ತಂಗಿಗೆ ಹೇಳಿಕೊಟ್ಟಿದ್ದಳು. ಯಾವ ಮಾತೂ ಇಲ್ಲದೆ ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಪಕ್ಕದವರು ಯಾಕೆ ನಗುತ್ತೀರಿ ಅಂತ ಕೇಳಿದರಂತೆ. ನಾನು ಅವರಿಗೂ ನಕ್ಕೆ.

ಮೊಮ್ಮಗಳು ನಡೆಯಲು ಕಲಿತಳು. ಟಿವಿ ಮುಂದೆ ಎಲ್ಲರೂ ನಕ್ಕಾಗ ಅವಳೂ ನಗುತ್ತಿದ್ದಳು. ಮುಖ ಮುಖ ನೋಡಿ, ಆಮೇಲೆ. ನಾನೂ ಆಮೇಲೆ. ಅಜ್ಜ ಮೊಮ್ಮಗಳು ಒಂದೇ ಅಚ್ಚು ಅಂತ ಸೊಸೆ ಖುಷಿಯಿಂದ ಮೊಬೈಲಿನಲ್ಲಿ ಫೋಟೋ ಹೊಡೆದಳು. ಹೆಂಡತಿ ಒಬ್ಬಳೇ ನಗಲಿಲ್ಲ. ಒಬ್ಬ ಕಿವುಡನ ಜೋಡಿ ಇಷ್ಟು ವರ್ಷ ಸಂಸಾರ ಮಾಡಿದವಳು ಅವಳು. ಇನ್ನೊಬ್ಬಳನ್ನು ನೋಡಿದರೆ ಗೊತ್ತಾಗದೆ ಇರುತ್ತದೆಯೇ.

ಫೋಟೋ ಈಗಲೂ ಗೋಡೆಯ ಮೇಲೆ ಇದೆ. ಇಬ್ಬರೂ ಬಾಯಿ ತುಂಬ ನಗುತ್ತಿದ್ದೇವೆ. ಯಾತಕ್ಕೆ ಅಂತ ಇಬ್ಬರಿಗೂ ಗೊತ್ತಿಲ್ಲ.

ತಪ್ಪು ಯಾವ ಭಾಷೆಯದು

ಎರಡು ವರ್ಷ ತುಂಬಿತು. ಮೊಮ್ಮಗಳಿಗೆ ಒಂದು ಮಾತೂ ಬರಲಿಲ್ಲ. ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ.

ನಮ್ಮ ಮನೆಯ ಭಾಷೆಗಳನ್ನು ಹೇಳಬೇಕು. ನಾನು ಮತ್ತು ಹೆಂಡತಿ ಬಿಜಾಪುರದ ಕನ್ನಡ. ಸೊಸೆ ಉಡುಪಿ ಕಡೆಯವಳು, ಫೋನ್ ಹಿಡಿದರೆ ತುಳು. ಮಗ ರಿಕ್ಷಾ ಓಡಿಸುತ್ತಾನೆ. ಅವನಿಗೂ ಸೊಸೆಗೂ ಪ್ರೀತಿ ಆದದ್ದು ಹಿಂದಿಯಲ್ಲಿ, ಈಗಲೂ ಅದರಲ್ಲೇ ನಡೆದಿದೆ. ಚಾಳು ಪೂರಾ ಮರಾಠಿ. ಇಷ್ಟು ಭಾಷೆ ಒಂದೇ ಖೋಲಿಯಲ್ಲಿ ತುಂಬಿದರೆ ಕೂಸು ಯಾವುದನ್ನು ಹಿಡಿಯಬೇಕು, ಅದಕ್ಕೇ ಗೊಂದಲವಾಗಿ ಸುಮ್ಮನಿದೆ ಅಂತ ಎಲ್ಲರೂ ಅಂದರು. ಹೆಂಡತಿ ಮಾತ್ರ ಕಿವಿ ತೋರಿಸೋಣ ಅಂದಳು.

ಸೊಸೆಯ ಅಪ್ಪ, ನಮ್ಮ ಬೀಗರು, ವಡಾಲದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ಬಿಳಿ ಪಂಚೆ, ಬಿಳಿ ಅಂಗಿ, ತೂಗಿ ಮಾತು. ಕಿವಿ ಅಂದದ್ದಕ್ಕೆ ಅವರಿಗೆ ಬೇಜಾರಾಯಿತು. ನಮ್ಮ ಕುಟುಂಬದಲ್ಲಿ ಯಾರಿಗೂ ಕಿವಿಯ ತೊಂದರೆ ಇಲ್ಲ ಅಂದರು. ಅಂದು ನನ್ನ ಕಡೆ ನೋಡಿದರು. ನಾನು ನಕ್ಕು ತಲೆ ಆಡಿಸಿದೆ.

ಒಂದು ರವಿವಾರ ಪಂಚಾಯಿತಿ ಕೂಡಿತು. ಯಾವ ಭಾಷೆಯನ್ನು ಮನೆಯಿಂದ ಹೊರಗೆ ಹಾಕಬೇಕು ಅನ್ನುವುದು ಪ್ರಶ್ನೆ. ಬೀಗರು ಚಹಾ ಕುಡಿದು ಶುರು ಮಾಡಿದರು.

"ನಿಮ್ಮದು ರೊಟ್ಟಿ ಭಾಷೆ ಮಾರಾಯ್ರೆ. ಗಟ್ಟಿ. ಹಾಲುಹಲ್ಲಿನ ಮಗು ಜಗಿಯುವುದು ಹೇಗೆ?"

"ನಿಮ್ಮದು ಮೀನದ ಭಾಷಾ ರೀ ಬೀಗರ. ಮುಳ್ಳು ಗಂಟಲಾಗ ಸಿಕ್ಕೊಂಡೈತಿ, ಅದಕ್ಕ ಕೂಸು ಬಾಯಿ ತಗಿಯವಲ್ದು," ಅಂದಳು ಹೆಂಡತಿ.

ಸೊಸೆ ಅಟ್ಟ ಹತ್ತಿ ಕೂತಳು. ಮಗ ಹಿಂದಿ ಇಡೋಣ ಅಂದ. ಅದು ಟಿವಿಯದು, ಯಾರಿಗೆ ಬೇಕು ಅಂತ ಇಬ್ಬರು ಹಿರಿಯರೂ ಕೂಡಿಯೇ ಬೈದರು. ಕೊನೆಗೆ ಉಳಿದದ್ದು ಮರಾಠಿ. ಅದು ಅವರದೂ ಅಲ್ಲ, ನಮ್ಮದೂ ಅಲ್ಲ. ಕೂಸಿನ ಮುಂದೆ ಇನ್ನು ಮೇಲೆ ಬರೀ ಮರಾಠಿ ಅಂತ ತೀರ್ಮಾನ ಆಯಿತು. ಮದುವೆ ಮಾತುಕತೆಯಲ್ಲಿ ಕೂಡ ಈ ಎರಡು ಮನೆತನ ಇಷ್ಟು ಬೇಗ ಒಪ್ಪಿರಲಿಲ್ಲ. ಒಪ್ಪಿದ್ದು ಯಾಕೆಂದರೆ ಇಬ್ಬರಿಗೂ ಸಮ ನಷ್ಟ.

ಮರಾಠಿ ಕಾನೂನು

ಮರಾಠಿ ಎಲ್ಲರಿಗೂ ಬರುತ್ತಿತ್ತು. ಆದರೆ ಯಾರು ಎಲ್ಲಿ ಕಲಿತಿದ್ದರೋ ಅಲ್ಲಿಯದೇ ಬರುತ್ತಿತ್ತು.

ಹೆಂಡತಿಯ ಮರಾಠಿ ಬಾಜಾರದ್ದು. ಮೊಮ್ಮಗಳು ಗೊಂಬೆ ತಂದು ತೊಡೆಯ ಮೇಲೆ ಇಟ್ಟರೆ "ಕೇವಢ್ಯಾಲಾ ದಿಲಾ?" ಅಂತ ಬೆಲೆ ಕೇಳುತ್ತಿದ್ದಳು. ಸೊಸೆ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಮರಾಠಿಯಲ್ಲಿ ಬಾಯಿ ತೆಗೆದರೆ ಊಟಕ್ಕೆ ಮುಂಚೆ, ಊಟ ಆದ ಮೇಲೆ, ಇದೇ. ಕೂಸಿಗೆ ಬಿಸ್ಕೀಟು ಕೊಟ್ಟರೂ ಊಟ ಆದ ಮೇಲೆ ಒಂದು ಅನ್ನುತ್ತಿದ್ದಳು. ನಾನು ಕಲಿತದ್ದು ಪ್ರೆಸ್ಸಿನ ಸೂಪರ್‌ವೈಸರ್ ಬಾಯಿಂದ. "ಹಾತ್ ಕಾಢ್, ಲೌಕರ್ ಕರ್." ಕೈ ತೆಗಿ, ಬೇಗ ಮಾಡು. ಎರಡು ವರ್ಷದ ಕೂಸು ನೆಲದ ಮೇಲೆ ಆಡುತ್ತಿದ್ದರೆ ನಾನು ಮೇಲೆ ನಿಂತು ಬೇಗ ಮಾಡು, ಬೇಗ ಮಾಡು ಅನ್ನುತ್ತಿದ್ದೆ.

ಮಗ ಹುಟ್ಟಿದ್ದು ಇಲ್ಲೇ, ಅವನಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ದಿನವೆಲ್ಲ ರಿಕ್ಷಾ ಓಡಿಸಿ ಬಂದ ನಾಲಿಗೆ. ನೀರು ತುಂಬಿಸಿ ತಾ ಅಂತ ಸೊಸೆ ಮರಾಠಿಯಲ್ಲಿ ಹೇಳಿದರೆ, "ನಾಯ್ ಜಾಣಾರ್" ಅಂತ ಅವನಿಂದ ತಾನಾಗಿ ಹೊರಡುತ್ತಿತ್ತು. ರಿಕ್ಷಾದ ಗಿರಾಕಿಗೆ ಹೇಳುವ ಹಾಗೆ, ಆ ಕಡೆ ಬರೋದಿಲ್ಲ ಅಂತ.

ಮೊಮ್ಮಗಳು ಎಲ್ಲರ ಮುಖ ನೋಡಿ, ಸರಿಯಾದ ಹೊತ್ತಿಗೆ ನಕ್ಕು, ತನ್ನ ಪಾಡಿಗೆ ಇದ್ದಳು. ಮಾತು ಬರಲಿಲ್ಲ.

ಒಂದು ಲಾಭ ಮಾತ್ರ ಆಯಿತು. ಕಾನೂನು ಇರುವ ತನಕ ಮನೆಯಲ್ಲಿ ಅತ್ತೆ ಸೊಸೆ ಜಗಳ ಆಗಲಿಲ್ಲ. ಮರಾಠಿಯಲ್ಲಿ ಅವರಲ್ಲಿ ಒಬ್ಬಳು ಗಿರಾಕಿ, ಒಬ್ಬಳು ಅಂಗಡಿಯವಳು. ಜಗಳ ಅಂತ ಶುರುವಾದದ್ದು ಚೌಕಾಶಿ ಆಗಿ ಮುಗಿಯುತ್ತಿತ್ತು.

ಪರಾತ

ಕಾನೂನನ್ನು ಮೊದಲು ಬಿಟ್ಟವಳು ಹೆಂಡತಿ. ಬಾಜಾರದ ಮಾತನ್ನು ಕೂಸಿನ ಮುಂದೆ ಎಷ್ಟು ಆಡಬೇಕು ಅಂದಳು. ಹಾಗಂತ ಕನ್ನಡ ಆಡಿದರೆ ಬೀಗರ ಮುಂದೆ ಮಾತು ತಪ್ಪಿದ ಹಾಗೆ. ಅದಕ್ಕೆ ಮೌನ ಹಿಡಿದಳು. ಕೂಸಿನ ಹತ್ತಿರ ಎಲ್ಲ ಕೈಸನ್ನೆ. ಪ್ರೆಸ್ಸಿನಲ್ಲಿ ನಾವು ಮಾಡುತ್ತಿದ್ದ ಸನ್ನೆಗಳನ್ನು ನನ್ನಿಂದ ಎಂದೋ ಕಲಿತಿದ್ದಳು, ಅವೇ. ಬಾ, ಕೂಡು, ತಿನ್ನು, ಸಾಹೇಬ ಬಂದ.

ಆಗ ಒಂದು ವಿಚಿತ್ರ ಆಯಿತು. ಯಾರು ಕೂಗಿದರೂ ತಿರುಗದ ಮೊಮ್ಮಗಳು ಅಜ್ಜಿಯ ಸೆರಗು ಬಿಡದ ಹಾಗಾದಳು. ಅಜ್ಜಿ ಕೈ ಎತ್ತಿದರೆ ಓಡಿ ಬರುವಳು. ತಟ್ಟೆ ತಾ ಅಂತ ಸನ್ನೆ ಮಾಡಿದರೆ ತರುವಳು. ಮಗ ರಿಕ್ಷಾ ನಿಲ್ಲಿಸಿ ಒಳಗೆ ಬಂದರೆ ಸಾಹೇಬ ಬಂದ ಅಂತ ಕೈ ಮಾಡಿ ತೋರಿಸುವಳು.

ಹೆಂಡತಿ ನನ್ನ ಎದುರಿಗೆ ಕೂತು, ಬಾಯಿ ಅಗಲ ಮಾಡಿ, ನಿಧಾನವಾಗಿ ಹೇಳಿದಳು: "ನಾ ಬಾಯಿ ಮುಚ್ಚಿದ ಮ್ಯಾಲ ಕೂಸು ನನ್ನ ಮಾತು ಕೇಳಾಕತ್ತೈತಿ. ತಿಳೀತೇನ್ರಿ?"

ಈ ಸಲ ತಿಳಿಯಿತು.

ಮುಂದಿನ ರವಿವಾರ ಬೀಗರನ್ನು ಚಹಾಕ್ಕೆ ಕರೆಸಿದಳು. ಎಲ್ಲರೂ ಕೂತಿದ್ದೆವು. ಮೊಮ್ಮಗಳು ಬಾಗಿಲಿಗೆ ಮುಖ ಮಾಡಿ ಶೇಂಗಾ ಬಿಡಿಸುತ್ತಿದ್ದಳು, ನಾನು ಅವಳ ಪಕ್ಕದಲ್ಲಿ. ಹೆಂಡತಿ ಹಿಂದಿನಿಂದ ಬಂದು ರೊಟ್ಟಿ ಹಿಟ್ಟು ನಾದುವ ದೊಡ್ಡ ಹಿತ್ತಾಳೆ ಪರಾತವನ್ನು ಎತ್ತಿ, ಒಲೆಯ ಕಲ್ಲಿನ ಮೇಲೆ ಬಿಟ್ಟಳು.

ಬೀಗರ ಚಹಾ ಬಿಳಿ ಪಂಚೆಯ ಮೇಲೆ ಹೋಯಿತು. ಸೊಸೆ ಚೀರಿದಳಂತೆ. ಎದುರು ಖೋಲಿಯ ಕೂಸು ಎದ್ದು ಅತ್ತಿತಂತೆ. ಸಿಲಿಂಡರ್ ಒಡೆಯಿತು ಅಂತ ಇಡೀ ಚಾಳು ನಮ್ಮ ಬಾಗಿಲಿಗೆ ಓಡಿ ಬಂತು. ಪ್ರೆಸ್ಸಿನ ಬಡಿತಕ್ಕೆ ಪಳಗಿದ ನಾನು, ಇಷ್ಟು ಮಂದಿ ಯಾಕೆ ಬಂದರು ಅಂತ ನೋಡಲು ತಲೆ ಎತ್ತಿದೆ.

ಬೀಗರು ಪಂಚೆ ನೋಡಿಕೊಳ್ಳಲಿಲ್ಲ. ಮೊಮ್ಮಗಳ ಬೆನ್ನನ್ನೇ ನೋಡುತ್ತಿದ್ದರು. ನಾಳೆಯೇ ಆಸ್ಪತ್ರೆಗೆ ಹೋಗುವ ಅಂದವರು ಅವರೇ.

ಅಷ್ಟು ದೊಡ್ಡ ಸದ್ದಿಗೆ ತಿರುಗಿ ನೋಡದವರು ಚಾಳಿನಲ್ಲಿ ಇಬ್ಬರೇ. ನಾವಿಬ್ಬರೂ ಶೇಂಗಾ ತಿನ್ನುತ್ತಿದ್ದೆವು.

ಆಸ್ಪತ್ರೆಯ ನಿದ್ದೆ

ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು. ತಲೆಗೆ ತಂತಿ ಅಂಟಿಸಿ ಕಿವಿಯ ನರ ನೋಡುತ್ತಾರೆ, ಅದಕ್ಕೆ ಕೂಸು ನಿದ್ದೆಯಲ್ಲಿರಬೇಕು ಅಂದರು. ಬೆಳಗಿನಿಂದ ಮಲಗಿಸದೆ ಕರೆತನ್ನಿ ಅಂದಿದ್ದರು. ಹಾಗೇ ಮಾಡಿದ್ದೆವು. ಆದರೆ ಚಾಳಿನಲ್ಲೆಲ್ಲ ನಿದ್ದೆಗೆ ಹೆಸರಾದ ನಮ್ಮ ಕೂಸು ಅಲ್ಲಿ ಕಣ್ಣು ಮುಚ್ಚಲಿಲ್ಲ. ಸೊಸೆ ಎತ್ತಿಕೊಂಡು ತಿರುಗಾಡಿದಳು. ಮಗ ತೊಡೆ ಮೇಲೆ ಹಾಕಿಕೊಂಡು ರಿಕ್ಷಾ ಹೋದ ಹಾಗೆ ಕುಲುಕಿದ. ಅವಳು ಖುಷಿಯಾಗಿ ಎದ್ದು ಕೂತಳು.

ಹೆಂಡತಿ ಸ್ವಲ್ಪ ಯೋಚನೆ ಮಾಡಿದಳು. ಮೊಮ್ಮಗಳನ್ನು ಮಂಚದ ಮೇಲೆ ಮಲಗಿಸಿ, ತಲೆದೆಸೆಯಲ್ಲಿ ಕೂತು, ಅಂಗೈಯಿಂದ ಮಂಚದ ಹಲಗೆ ಬಡಿಯತೊಡಗಿದಳು. ರೊಟ್ಟಿ ಬಡಿದ ಹಾಗೇ.

ಮಶೀನಿನ ಹುಡುಗಿ ಓಡಿ ಬಂದಳು. ಇಲ್ಲಿ ಸದ್ದು ಮಾಡಬಾರದು ಅಂದಳು. ಹೆಂಡತಿ ಅವಳ ಕೈ ಹಿಡಿದು ಹಲಗೆಯ ಮೇಲೆ ಇಟ್ಟಳು, ಮತ್ತೆ ಬಡಿದಳು. ಆ ಹುಡುಗಿಗೆ ಅಂಗೈಯಲ್ಲಿ ತಿಳಿಯಿತು. ಕೂಸು ಇಷ್ಟು ದಿನ ಮಲಗಿದ್ದು ಸದ್ದಿಗೆ ಅಲ್ಲ, ನೆಲ ಅಲುಗುವುದಕ್ಕೆ. ಅಜ್ಜಿ, ನೀವು ಬಡೀರಿ, ಮಲಗಿದ ಮೇಲೆ ನಿಲ್ಲಿಸಿ ಅಂದಳು. ಅವಳೂ ಪಕ್ಕದಲ್ಲಿ ಕೂತು ಸ್ವಲ್ಪ ಬಡಿದಳು.

ಮೊಮ್ಮಗಳು ಮಲಗಿದಳು. ಹೆಂಡತಿ ಕೈ ನಿಲ್ಲಿಸಿದಳು. ಮಶೀನು ಶುರುವಾಯಿತು. ಆದರೂ ಒಂದು ಸದ್ದು ಬರುತ್ತಲೇ ಇದೆ ಅಂತ ಆ ಹುಡುಗಿ ಎಲ್ಲ ಕಡೆ ಹುಡುಕಿದಳಂತೆ. ಮೂಲೆಯ ಕುರ್ಚಿಯಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ. ನನ್ನನ್ನು ಎಬ್ಬಿಸಿ ಹೊರಗೆ ಹಾಕಿದರು.

ಎರಡೂ ಕಿವಿ ಬಹಳ ಕಡಿಮೆ ಕೇಳುತ್ತವೆ ಅಂದರು ಡಾಕ್ಟರ್‌ಬಾಯಿ. ಭಾಷೆಗಳದು ಏನೂ ತಪ್ಪಿಲ್ಲ, ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದನ್ನೇ ಆಡಿ ಅಂದರು. ಕನ್ನಡ, ತುಳು, ಹಿಂದಿ, ಎಲ್ಲದರ ಮೇಲಿನ ಕೇಸು ಖುಲಾಸೆ. ಕಿವಿಗೆ ಮಶೀನು ಹಾಕಿ, ಇಲ್ಲಿಯ ಟೀಚರ್ ಹತ್ತಿರ ಮಾತು ಕಲಿಸಿ ಅಂದರು. ಮಾತು ಬರುತ್ತದೆಯಾ ಅಂತ ಮಗ ಕೇಳಿದ. ಅವನ ದನಿ ಹೇಗಿತ್ತೋ ನನಗೆ ತಿಳಿಯದು, ಮುಖ ನೋಡಿದೆ. ಡಾಕ್ಟರ್‌ಬಾಯಿ ಸುಳ್ಳು ಹೇಳಲಿಲ್ಲ. ಬರುತ್ತದೆ ಅಂತ ನಾನು ಬರೆದು ಕೊಡುವುದಿಲ್ಲ, ಬರಲಿ ಅಂತ ಮನೆಯವರೆಲ್ಲ ದುಡಿಯಬೇಕು ಅಂದರು.

ಬಂದದ್ದು ಬಂದಿರಿ ಅಂತ ನನ್ನನ್ನೂ ಡಬ್ಬಿಯಂಥ ಖೋಲಿಯಲ್ಲಿ ಕೂರಿಸಿ ನೋಡಿದರು. ನನ್ನ ಕಿವಿ ಮೊಮ್ಮಗಳದಕ್ಕಿಂತ ಎಷ್ಟೋ ಪಾಲು ಉತ್ತಮ ಅಂದರು. ನಾನು ಹೆಮ್ಮೆಯಿಂದ ಹೆಂಡತಿಯ ಮುಖ ನೋಡಿದೆ.

"ಹಂಗಾದ್ರ," ಅಂದಳು ಅವಳು, "ಇಷ್ಟು ವರ್ಷ ಅರ್ಧ ಕೇಳಿಸಿದ್ರೂ ಏನೂ ಕೇಳಿಸಲಿಲ್ಲ ಅಂತ ಕುಂತಿದ್ರಿ."

ಮೊದಲ ಮಾತು

ಮೊಮ್ಮಗಳ ಕಿವಿಗೆ ಗುಲಾಬಿ ಬಣ್ಣದ ಮಶೀನು ಬಂತು. ನನಗೂ ಒಂದು ಬಂತು, ಅದರ ಬಣ್ಣ ಕೇಳಬೇಡಿ. ದಿನವಿಡೀ ಕೂಸಿನ ಎದುರು ಮಾತಾಡಬೇಕು, ಮಾಡುವ ಕೆಲಸವನ್ನೇ ಹೇಳುತ್ತ ಹೋಗಬೇಕು ಅಂದಿದ್ದರು ಟೀಚರ್. ಅಷ್ಟು ದಿನ ಮೌನ ಹಿಡಿದ ಹೆಂಡತಿಗೆ ಇನ್ನೇನು ಬೇಕು. ಹಿಟ್ಟು ತಗೊಂಡೆ, ನೀರು ಹಾಕಿದೆ, ನಾದಿದೆ, ಹಂಚು ಇಟ್ಟೆ, ನಿನ್ನ ಅಜ್ಜ ಸುಮ್ಮನೆ ಕುಂತಾನ, ನೋಡು. ಬೆಳಗಿನಿಂದ ಸಂಜೆಯ ತನಕ ಹರಿಯಿತು. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ನಳಕ್ಕೆ ಹೋದರೆ ಕೊಡಕ್ಕೂ ನೀರಿಗೂ ಹೆಸರು ಹೇಳುವಳು. ಚಾಳಿಗೆ ಹೊಸದಾಗಿ ಬಂದವರು ಈ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಹಳಬರು ಇಲ್ಲ, ಅವಳು ಕೆಲಸದ ಮೇಲೆ ಇದ್ದಾಳೆ ಅಂತ ಹೇಳುತ್ತಿದ್ದರು.

ಅವಳ ಗಂಟಲು ಬೀಳುತ್ತಿತ್ತು. ಬಿಸಿನೀರು ಕುಡಿದು ಮತ್ತೆ ಶುರು. ಇಷ್ಟು ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಮೊದಲ ಮಾತು ಯಾವ ಭಾಷೆಯಲ್ಲಿ ಬರುತ್ತದೆ ಅಂತ ಈಗ ಹೊಸ ಪೈಪೋಟಿ. ಬೀಗರು ರವಿವಾರ ಬಂದು ಮೊಮ್ಮಗಳನ್ನು ಮೂಲೆಗೆ ಕರೆದುಕೊಂಡು ಹೋಗಿ ಗುಟ್ಟಾಗಿ ತುಳು ಹೇಳಿಕೊಡುತ್ತಿದ್ದರು. ಗುಟ್ಟಾಗಿ ಹೇಳಿದರೆ ಅವಳಿಗೆ ಹೇಗೆ ಕೇಳಬೇಕು. ಜೋರಾಗಿ ಹೇಳಿದರೆ ಹೆಂಡತಿಗೆ ಕೇಳುತ್ತದೆ. ಹೀಗೆ ಅವರು ಸೋತರು.

ಒಂದು ಸಂಜೆ ಸೊಸೆ ನನ್ನನ್ನು ಏನೋ ಕೇಳಿದಳು. ನಾನು ಎಂದಿನ ಹಾಗೆ ಕತ್ತು ಚಾಚಿದೆ. ನನಗಿಂತ ಮೊದಲು, ನನ್ನ ತೊಡೆಯ ಮೇಲಿದ್ದ ಮೊಮ್ಮಗಳು ತಾನೂ ಕತ್ತು ಚಾಚಿ, ಹುಬ್ಬು ಎತ್ತಿ, ದನಿ ತೆಗೆದು ಹೇಳಿದಳು.

"ಆಂ?"

ಅದು ನನ್ನ ಮಾತು. ನಾನು ದಿನಕ್ಕೆ ಎಷ್ಟೋ ಸಲ ಅನ್ನುವುದು. ಅದು ಕನ್ನಡವೂ ಅಲ್ಲ, ತುಳುವೂ ಅಲ್ಲ. ಪೈಪೋಟಿ ಸರಿಸಮ ಆಯಿತು. ಹೆಂಡತಿ ಬೀಗರಿಗೆ ಫೋನ್ ಹಚ್ಚಿ, ಅಳುತ್ತ, ಗೆದ್ದವರು ನಾವೂ ಅಲ್ಲ ನೀವೂ ಅಲ್ಲ, ಕಿವುಡರು ಗೆದ್ದರು ಅಂದಳು.

ಉಡಿಯಲ್ಲಿ ಹೂವು

ಆಮೇಲೆ ಮಾತು ಒಂದೊಂದೇ ಬಂದವು. ಬಾ, ಬಿಸಿ, ಅಜ್ಜಿ. ಆದರೆ ಎರಡು ಮಾತನ್ನು ಜೋಡಿಸುವುದು ಬರಲಿಲ್ಲ. ಜೋಡಿಸುವ ದಿನ ಬಂದರೆ ಗಾಡಿ ಹಳಿಗೆ ಬಿದ್ದ ಹಾಗೆ ಅಂದಿದ್ದರು ಟೀಚರ್. ಅವರು ಒಂದು ಆಟವನ್ನೂ ಕಲಿಸುತ್ತಿದ್ದರು. ಮಣಿ ಹಿಡಿದು ಕಿವಿಯ ಹತ್ತಿರ ಇಟ್ಟುಕೊಂಡು ಕಾಯಬೇಕು. ಸದ್ದು ಕೇಳಿದ ಕೂಡಲೇ ಡಬ್ಬಿಗೆ ಹಾಕಬೇಕು. ಮತ್ತೊಂದು ಮಣಿ ಹಿಡಿದು ಕಾಯಬೇಕು. ಮೊಮ್ಮಗಳು ಟೀಚರ್ ಮುಂದೆ ಆಡುವಳು. ಮನೆಯಲ್ಲಿ ಎಷ್ಟು ಹೇಳಿದರೂ ಆಡಲಿಲ್ಲ. ಹೆಂಡತಿ ಅದೊಂದಕ್ಕೆ ಕೊರಗುತ್ತಿದ್ದಳು. ಇಷ್ಟು ಗದ್ದಲದ ಮನೆಯಲ್ಲಿ ಕೂಸಿಗೆ ಕೇಳುತ್ತದೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು ಅನ್ನುತ್ತಿದ್ದಳು.

ಅವಳು ಹೋದದ್ದು ಒಂದು ಬೆಳಿಗ್ಗೆ. ಎದೆ ಹಿಡಿದಿದೆ ಅಂದಳು. ಆಸ್ಪತ್ರೆ ಮುಟ್ಟಲಿಲ್ಲ.

ಮನೆಗೆ ತಂದು, ನಮ್ಮ ಪದ್ಧತಿಯ ಹಾಗೆ ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ಹಸಿರು ಸೀರೆ. ನಮ್ಮ ಕಡೆಯ ಹೆಂಗಸರು ಬಂದು ಸುತ್ತ ಕೂತರು. ನಮ್ಮಲ್ಲಿ ಸುಮ್ಮನೆ ಅಳುವುದಿಲ್ಲ. ಹಾಡಿ ಅಳುತ್ತಾರೆ. ಸತ್ತವರ ಗುಣ ಒಂದೊಂದೇ ಎತ್ತಿ ಹೇಳಿ, ಕೊನೆಗೆ ಎಳೆದು ಅಳುತ್ತಾರೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು. ಬೀಗರು ವಡಾಲದಿಂದ ಬರುವಾಗ ದಾದರಿನಲ್ಲಿ ಇಳಿದು ಹೂವಿನ ಬಾಜಾರದಿಂದ ಒಂದು ಚೀಲ ಶ್ಯಾವಂತಿಗೆ ಹೂವು ತಂದಿದ್ದರು. ಅದನ್ನು ಅವಳ ಪಕ್ಕದಲ್ಲಿ ಇಟ್ಟು ಬಾಗಿಲ ಹತ್ತಿರ ಗಂಭೀರವಾಗಿ ನಿಂತರು.

ನಾನು ಮಶೀನು ಹಾಕಿಕೊಂಡಿರಲಿಲ್ಲ. ಎಲ್ಲಿ ಇಟ್ಟಿದ್ದೆನೋ. ಹೆಂಗಸರ ಬಾಯಿ ತೆರೆಯುವುದು ಕಾಣುತ್ತಿತ್ತು, ಸದ್ದು ಎಲ್ಲೋ ದೂರ. ನನಗೆ ಅಳು ಬರಲಿಲ್ಲ. ಹೆಂಡತಿಯ ಹಸಿರು ಸೀರೆ ನೋಡುತ್ತ ಕೂತಿದ್ದೆ.

ಮೊಮ್ಮಗಳು ಹೂವಿನ ಚೀಲದ ಪಕ್ಕದಲ್ಲಿ ಕೂತಿದ್ದಳು. ಒಂದು ಹೂವು ತೆಗೆದು ಕಿವಿಯ ಹತ್ತಿರ ಹಿಡಿದಳು. ಹೆಂಡತಿಯ ತಂಗಿ ಎಳೆದು ಅತ್ತಳು. ಮೊಮ್ಮಗಳು ಹೂವನ್ನು ಅಜ್ಜಿಯ ಉಡಿಯಲ್ಲಿ ಹಾಕಿದಳು. ಮತ್ತೊಂದು ತೆಗೆದು ಕಿವಿಯ ಹತ್ತಿರ ಹಿಡಿದು ಕಾದಳು. ಇನ್ನೊಬ್ಬಳು ಅತ್ತಳು. ಮತ್ತೊಂದು ಹೂವು.

ಯಾರೂ ಹೇಳಿರಲಿಲ್ಲ. ಸೊಸೆ ನೋಡಿ ಬಾಯಿಗೆ ಸೆರಗು ಹಿಡಿದಳು. ಅಷ್ಟು ಮಂದಿಯ ಗದ್ದಲದಲ್ಲಿ ಒಂದೊಂದು ಅಳುವೂ ಮೊಮ್ಮಗಳಿಗೆ ಬೇರೆಯಾಗಿ ಕೇಳುತ್ತಿತ್ತು. ನನಗೆ ಕೇಳುತ್ತಿರಲಿಲ್ಲ. ಹೂವು ಬಿದ್ದಾಗ ಯಾರೋ ಅತ್ತರು ಅಂತ ತಿಳಿಯುತ್ತಿತ್ತು.

ಸುತ್ತ ಕೂತ ಹೆಂಗಸರೂ ಗಮನಿಸಿದರು. ಪಾಳಿ ಹಚ್ಚಿಕೊಂಡು ಅಳತೊಡಗಿದರು. ಊರ ಕಡೆಯ ಒಬ್ಬ ದೂರದ ಚಿಗವ್ವ ಬಂದಿದ್ದಳು. ಅವಳು ಮುಖ ಮುಚ್ಚಿಕೊಂಡು ಮೆಲ್ಲಗೆ ಅತ್ತು ಮುಗಿಸಿದಳು. ಹೂವು ಬೀಳಲಿಲ್ಲ. ಚಿಗವ್ವ ಸೆರಗು ಸರಿಸಿ ನೋಡಿದಳು. ಮೊಮ್ಮಗಳು ಹೂವು ಹಿಡಿದು ಅವಳನ್ನೇ ನೋಡುತ್ತ ಕಾಯುತ್ತಿದ್ದಳು. ನಾಲ್ಕು ಮಂದಿಯ ಮುಂದೆ ಮರ್ಯಾದೆಯ ಪ್ರಶ್ನೆ. ಚಿಗವ್ವ ಮುಂದೆ ಸರಿದು ಕೂತು, ಉಸಿರು ತಗೊಂಡು, ಹೊಸದಾಗಿ ಶುರು ಮಾಡಿದಳು. ಅದು ನನಗೂ ಕೇಳಿಸಿತು. ಎರಡು ಹೂವು ಬಿದ್ದವು.

ಆಮೇಲೆ ಮೊಮ್ಮಗಳು ಹೂವು ಹಿಡಿದು ನನ್ನ ಮುಂದೆ ಬಂದು ನಿಂತಳು. ಕಿವಿಯ ಹತ್ತಿರ ಹೂವು, ಕಣ್ಣು ನನ್ನ ಬಾಯಿಯ ಮೇಲೆ. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅವಳು ಕಾದಳು. ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು. ಅವಳು ಹುಬ್ಬು ಗಂಟಿಕ್ಕಿ, ತಲೆ ಅಡ್ಡ ಆಡಿಸಿ, ಬಾಯಿ ಅಗಲ ಮಾಡಿ ನಿಧಾನವಾಗಿ ಹೇಳಿದಳು. ಬಾಯಿ ನೋಡಿಯೇ ನನಗೆ ತಿಳಿಯಿತು.

"ಅಜ್ಜಾ, ಕೇಳವಲ್ದು."

ಎರಡು ಮಾತು. ಜೋಡಿಸಿ. ಅದೂ ನನಗೆ ಹೇಳಿದಳು, ಕೇಳಿಸುತ್ತಿಲ್ಲ ಅಂತ.

ಚಿಗವ್ವನೇ ಮೊದಲು ನಕ್ಕಳು. ಆಮೇಲೆ ಎಲ್ಲರೂ, ಕಣ್ಣೀರು ಒರೆಸಿಕೊಳ್ಳುತ್ತಲೇ. ನನಗೆ ಆಗ ಅಳು ಬಂತು. ನನ್ನ ದನಿ ಅಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ. ಮೊಮ್ಮಗಳು ಓಡಿ ಹೋಗಿ ಹೂವು ಹಾಕಿದಳು. ತಿರುಗಿ ಬರುವಷ್ಟರಲ್ಲಿ ನಾನು ಮತ್ತೆ. ಮತ್ತೊಂದು ಹೂವು. ನಗುವವರಿಗೂ ಹಾಕಬೇಕು, ನನಗೂ ಹಾಕಬೇಕು. ಒಂದೊಂದು ಸಾಲದೆ ಮುಷ್ಟಿಯಲ್ಲಿ ಹಾಕಿದಳು. ಹೆಂಡತಿಯ ಉಡಿ ತುಂಬಿ ನೆಲಕ್ಕೆ ಬಂತು. ಚೀಲ ಖಾಲಿಯಾಯಿತು. ನಾನು ನಿಲ್ಲಿಸಲಿಲ್ಲ.

ಮೊಮ್ಮಗಳು ಖಾಲಿ ಚೀಲವನ್ನು ತಲೆಕೆಳಗು ಮಾಡಿ ಬೀಗರಿಗೆ ತೋರಿಸಿದಳು. ಬೀಗರು ಕಣ್ಣು ಒರೆಸಿಕೊಂಡು, ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಮೆಟ್ಟಿದರು.

"ಇವರು ಹೀಗೆ ಅತ್ತರೆ ಒಂದು ಚೀಲ ಎಲ್ಲಿಗೆ ಸಾಕು ಮಾರಾಯ್ರೆ," ಅಂದು ಮತ್ತೆ ಹೂವು ತರಲು ಹೊರಟರು.